ಹೆಗಲಪಟ್ಟಿ ಇಲ್ಲದ ಪಾಶಾ

ಕೋಟು ನನ್ನ ಮೇಜಿಗೆ ಬರುವ ಮೊದಲೇ ಅದರ ವಾಸನೆ ಬಂತು. ಕೊಲ್ಲಿ ದೇಶದ ಈ ಊರಿನಲ್ಲಿ, ಬ್ನೇದ್ ಅಲ್ ಗಾರ್ ಬಡಾವಣೆಯ ಹಳೆಯ ಮನೆಯೊಂದರ ನೆಲಮಾಳಿಗೆಯಲ್ಲಿ ನನ್ನ ಕೆಲಸದ ಕೋಣೆ. ಡ್ರೈವರ್ ಭಾಯಿ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಂತೆಯೇ ಊದ್ ಅತ್ತರಿನ ಘಾಟು ಮೂಗಿಗೆ ಬಡಿಯಿತು. ನೂರು ವರ್ಷ ದಾಟಿದ ಉಣ್ಣೆಯ ಮೇಲೆ ಯಾರೋ ಪ್ರೀತಿಯಿಂದ ಎಣ್ಣೆ ಹಚ್ಚಿದ್ದಾರೆ ಎಂದು ತಿಳಿಯಲು ಪೆಟ್ಟಿಗೆ ತೆರೆಯಬೇಕಾಗಿರಲಿಲ್ಲ. ನನಗೆ ಅಳುವಷ್ಟು ಸಿಟ್ಟು ಬಂತು.

ಹಳೆಯ ಬಟ್ಟೆಗಳನ್ನು ಉಳಿಸಿಕೊಡುವುದು ನನ್ನ ಕೆಲಸ. ಹೊಸದಾಗಿ ಕಾಣುವಂತೆ ಮಾಡುವುದಲ್ಲ, ಇರುವುದು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು. ಈ ವ್ಯತ್ಯಾಸವನ್ನು ಜನರಿಗೆ ತಿಳಿಸುವುದರಲ್ಲೇ ನನ್ನ ಅರ್ಧ ಉಸಿರು ಖರ್ಚಾಗುತ್ತದೆ. ಆ ಮನೆಯ ಯಜಮಾನಿಯ ಅಕ್ಕನ ಮಗ ತಮ್ಮ ಮನೆತನದ ವಸ್ತುಗಳನ್ನು ಸೇರಿಸಿ ಪುಟ್ಟದೊಂದು ಮ್ಯೂಸಿಯಂ ಮಾಡುತ್ತಿದ್ದರು. ಅದರ ನಡುಮನೆಯಲ್ಲಿ ನಿಲ್ಲಬೇಕಾಗಿದ್ದದ್ದು ಈ ಕೋಟು.

ಕೋಟು ಯಜಮಾನಿಯ ಅಜ್ಜನದು, ಅವರ ತಾಯಿಯ ತಂದೆಯದು. ಬಸ್ರಾದಲ್ಲಿ ಹುಟ್ಟಿ, ಇಸ್ತಾಂಬುಲ್‌ನ ಸೈನಿಕ ಶಾಲೆಯಲ್ಲಿ ಓದಿ, ಆಟೋಮನ್ ಸುಲ್ತಾನರ ಸೈನ್ಯದಲ್ಲಿ ಜನರಲ್ ಆದವರು. ಆ ಹುದ್ದೆಯ ಬಿರುದು ಹಿಡಿದು ಮನೆಯವರೆಲ್ಲ ಪಾಶಾ ಎಂದೇ ಕರೆಯುತ್ತಿದ್ದರು, ನಮ್ಮ ನಾಲಗೆಗೂ ಅದೇ ಹತ್ತಿತು. ಬಾಲ್ಕನ್ ಗುಡ್ಡಗಳಲ್ಲಿ ಸೋತ ಯುದ್ಧವೊಂದನ್ನು ಕಂಡು ಬಂದಿದ್ದರು. ಮೊದಲ ಮಹಾಯುದ್ಧದಲ್ಲಿ ಅವರನ್ನು ಟೈಗ್ರಿಸ್ ದಂಡೆಗೆ ಕಳಿಸಿದರು. ಬೂದು ಉಣ್ಣೆಯ ಉದ್ದ ಕೋಟು, ಒಳಗೆ ಕೆಂಪು ರೇಷ್ಮೆಯ ಅಸ್ತರು. ಎದೆಯ ಗುಂಡಿಗಳೆಲ್ಲ ಇದ್ದವು. ಇಲ್ಲದೇ ಇದ್ದದ್ದು ಹೆಗಲಪಟ್ಟಿಗಳು ಮಾತ್ರ. ಚಿನ್ನದ ಹುರಿ ಹೆಣೆದ ಪಟ್ಟಿಗಳು ಕೂತಿದ್ದ ಜಾಗ ಎರಡೂ ಹೆಗಲ ಮೇಲೆ ಸುತ್ತಲಿನ ಬಣ್ಣಕ್ಕಿಂತ ಗಾಢವಾಗಿ ಉಳಿದಿತ್ತು. ಬಲ ಹೆಗಲಿನ ತುದಿಯಲ್ಲಿ ಅಂಚು ಹರಿದಂತೆ ಕಾಣುವ ತೂತು, ಅದರ ಮೇಲೆ ಯಾರೋ ಒರಟಾಗಿ ಹಾಕಿದ ಕಪ್ಪು ನೂಲಿನ ರಫೂ.

ಆ ತೂತಿನ ಕಥೆಯನ್ನು ಅಕ್ಕನ ಮಗ ಮೊದಲ ವಾರವೇ ಬಾಗಿಲು ಹಾಕಿ ಹೇಳಿದರು. ಯುದ್ಧದ ಕೊನೆಯ ಚಳಿಗಾಲದಲ್ಲಿ ನದಿಯ ತಿರುವೊಂದನ್ನು ಬಿಟ್ಟುಕೊಡಬಾರದೆಂದು ಪಾಶಾರಿಗೆ ಆಜ್ಞೆ ಇತ್ತು. ಸೈನಿಕರಲ್ಲಿ ಬಹುಪಾಲು ಜನ ಜ್ವರ ಬಂದು ಮಲಗಿದ್ದರು. ಪಾಶಾ ಮೇಲಿನವರ ಉತ್ತರಕ್ಕೆ ಕಾಯದೆ ತಮ್ಮವರನ್ನು ಹಿಂದಕ್ಕೆ ಕರೆತಂದರು. ಅದಕ್ಕಾಗಿ ಪಾಶಾರನ್ನು ದಂಡಿನಿಂದ ತೆಗೆದರು. ಇಷ್ಟು ಎಲ್ಲರೂ ಒಪ್ಪುವ ಮಾತು. ಉಳಿದದ್ದು ಬಸ್ರಾದ ಬೀದಿಯ ಮಾತು: ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಅವರ ಕಣ್ಣೆದುರೇ ಒಬ್ಬ ಅಧಿಕಾರಿ ಪಾಶಾರ ಹೆಗಲಪಟ್ಟಿಗಳನ್ನು ಕಿತ್ತೆಸೆದನಂತೆ.

"ನನ್ನ ಚಿಕ್ಕಮ್ಮ ಇದನ್ನು ಶಾಲೆಯಲ್ಲಿ ಜೊತೆಯ ಹುಡುಗಿಯ ಬಾಯಲ್ಲಿ ಕೇಳಿದ್ದು," ಅಂದರು ಅವರು. "ಅಂದಿನಿಂದ ಇಂದಿನವರೆಗೆ ಯಾರ ಹತ್ತಿರವೂ ಆಡಿಲ್ಲ. ನನಗೂ ಹೋದ ವರ್ಷ ಹೇಳಿದರು. ನಾನು ಇಸ್ತಾಂಬುಲ್‌ನಲ್ಲಿ ಹೊಸ ಪಟ್ಟಿ ಮಾಡಿಸ್ತಿದ್ದೇನೆ. ನೀವು ಹೊಲಿದುಬಿಡಿ. ಅವರ ಕಣ್ಣು ಪೂರ್ತಿ ಹೋಗುವ ಮೊದಲು ಅಜ್ಜನನ್ನು ಜನರಲ್ ಆಗಿ ನೋಡಲಿ."

ಅವರ ದನಿಯಲ್ಲಿ ಜಂಬ ಇರಲಿಲ್ಲ. ಆ ಮುದುಕಿಯ ಮೇಲಿನ ಪ್ರೀತಿಯಿಂದ ಕೇಳುತ್ತಿದ್ದರು. ಹಾಗಾಗಿ ನನಗೆ ತಟ್ಟನೆ ಇಲ್ಲ ಎನ್ನಲಾಗಲಿಲ್ಲ. ಹೊಸ ಪಟ್ಟಿ ಹೊಲಿದರೆ ಹೆಗಲ ಮೇಲಿನ ಹಳೆಯ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ, ಹೊಲಿಯದಿದ್ದರೆ ಬಂದವರೆಲ್ಲ ಆ ತೂತು ನೋಡಿ ಬಸ್ರಾದ ಬೀದಿಯ ಮಾತನ್ನೇ ಆಡುತ್ತಾರೆ. ಯೋಚಿಸಿ ಹೇಳುತ್ತೇನೆ ಎಂದೆ.

ಶೋಕೇಸು, ಬೆಳಕು, ತೇವಾಂಶ, ಕೋಟನ್ನು ತೊಡಿಸುವ ಬೊಂಬೆ, ಇವೆಲ್ಲ ಮೈಸೂರಿನ ಇಂಜಿನಿಯರ್ ಒಬ್ಬರ ಜವಾಬ್ದಾರಿ. ಕೋಟು ಬಂದ ದಿನ ಅವರು ಬಾಗಿಲಲ್ಲೇ ನಿಂತು ಮೂಗೆಳೆದರು.

"ಏನ್ ಮೇಡಂ, ಮದುವೆ ಮನೆಗೆ ಬಂದಂಗಾಯ್ತಲ್ಲ."

"ನಗ್ಬೇಡಿ ಮಾರಾಯ್ರೆ. ಕಾಲರಿಗೆ ಎಣ್ಣೆ ಹಾಕಿದ್ದಾರೆ. ಹೀಗೇ ನಿಮ್ಮ ಗಾಜಿನೊಳಗೆ ಇಟ್ರೆ ಧೂಳೆಲ್ಲ ಅದಕ್ಕೇ ಅಂಟಿ ಉಣ್ಣೆ ಕಪ್ಪಾಗ್ತದೆ. ಅಸ್ತರಿಗೂ ಇಳಿದಿದೆ, ನೋಡಿ ಇಲ್ಲಿ."

"ಯಾರ್ ಹಾಕಿದ್ದಂತೆ?"

"ಯಾರು ಅಂತ ಕೇಳ್ಬೇಕಾ? ಖಾಲಾ."

ಯಜಮಾನಿಯನ್ನು ಮನೆಯ ಆಳುಕಾಳುಗಳಿಂದ ಹಿಡಿದು ನಮ್ಮವರೆಗೆ ಎಲ್ಲರೂ ಖಾಲಾ ಎನ್ನುತ್ತಿದ್ದರು, ಚಿಕ್ಕಮ್ಮ ಎಂದರ್ಥ. ಎಂಬತ್ತು ದಾಟಿದ, ಕಣ್ಣು ಮಂಜಾದ, ಮಹಡಿಯ ಕಿಟಕಿಯ ಪಕ್ಕ ಕೂತೇ ಇಡೀ ಮನೆ ನಡೆಸುವ ಹೆಂಗಸು.

ಎಣ್ಣೆಗೆ ಕೈಹಾಕುವ ಮೊದಲು ನುಸಿಯನ್ನು ಕೊಲ್ಲಬೇಕಾಗಿತ್ತು. ಅಸ್ತರಿನ ಮಡಿಕೆಯಲ್ಲಿ ಉಣ್ಣೆ ನುಸಿಯ ಗೂಡಿನ ಚೂರುಗಳು ಕಂಡಿದ್ದವು. ಕೋಟನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಮುಚ್ಚಿ, ದೊಡ್ಡ ಫ್ರೀಜರಿನಲ್ಲಿ ಇಟ್ಟೆವು. ಮೀನಿನಂಗಡಿಗಳಲ್ಲಿ ಇರುತ್ತದಲ್ಲ, ಅಂಥದ್ದೇ ಫ್ರೀಜರ್.

"ಬಾಲ್ಕನ್ ಚಳಿ ನೋಡ್ದೋರು ಮೇಡಂ, ಇದೇನ್ ಮಹಾ ಅವ್ರಿಗೆ," ಅಂದರು ಇಂಜಿನಿಯರ್, ಮುಚ್ಚಳ ಹಾಕುತ್ತಾ.

ಅವರ ಪಾಡೂ ಸುಖವಿರಲಿಲ್ಲ. ಪಾಶಾರ ಹಳೆಯ ಫೋಟೋ ಒಂದನ್ನು ನೋಡಿ, ಎದೆ ಸೆಟೆದು ನಿಂತ ಆಕಾರದಲ್ಲಿ ಊರಾಚೆಯ ಕೈಗಾರಿಕಾ ಪ್ರದೇಶ ಶುಐಬಾದ ವರ್ಕ್‌ಶಾಪಿನಲ್ಲಿ ಬೊಂಬೆ ಕೊರೆಸಿ ತಂದಿದ್ದರು. ಫ್ರೀಜರಿನಿಂದ ತೆಗೆದ ಮೇಲೆ ಕೋಟನ್ನು ಅದರ ಮೇಲೆ ಇಟ್ಟು ನೋಡಿದೆವು. ಬೆನ್ನಿನ ಬಟ್ಟೆ ಬಿಗಿದು ಎಳೆಯಿತು, ಎದೆಯ ಮೇಲೆ ಬೇಡದ ಸುಕ್ಕು ಬಿತ್ತು. ಅಳತೆ ತಪ್ಪಿರಲಿಲ್ಲ. ಮೊಣಕೈ, ಬೆನ್ನು, ಕತ್ತಿನ ಹಿಂಭಾಗ ಸವೆದ ರೀತಿ ನೋಡಿದರೆ ಈ ಕೋಟನ್ನು ಬಹಳ ಕಾಲ ತೊಟ್ಟವರು ಬೆನ್ನು ಬಾಗಿದ, ಬಲ ಹೆಗಲು ತುಸು ಇಳಿದ ಮನುಷ್ಯ. ಸೈನ್ಯ ಬಿಟ್ಟ ಮೇಲೂ ಪಾಶಾ ಇದನ್ನು ಮನೆಯಲ್ಲಿ ತೊಡುತ್ತಿದ್ದಿರಬೇಕು. ಇಂಜಿನಿಯರ್ ಬೊಂಬೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಸೀಟ್‌ಬೆಲ್ಟ್ ಹಾಕಿ, ಮತ್ತೆ ಶುಐಬಾಕ್ಕೆ ಹೊರಟರು. "ಜನರಲ್ ಸಾಹೇಬ್ರನ್ನ ರಿಟೈರ್ ಮಾಡಿಸ್ಕೊಂಡ್ ಬರ್ತೀನಿ," ಅಂದರು.

ನಾನು ಎಣ್ಣೆಗೆ ಕೂತೆ. ಮೊದಲು ಸಣ್ಣ ಪರೀಕ್ಷೆ: ಕಾಣದ ಕಡೆ ಒಂದು ತೊಟ್ಟು ದ್ರಾವಕ ಬಿಟ್ಟು, ಮೇಲೆ ಒತ್ತುಕಾಗದ ಇಟ್ಟು ನೋಡುವುದು. ಉಣ್ಣೆ ಸುಮ್ಮನಿತ್ತು. ಅಸ್ತರಿನ ಕೆಂಪು ಮಾತ್ರ ಕಾಗದಕ್ಕೆ ಇಳಿಯಿತು. ಅಂದರೆ ಮೇಲಿನಿಂದ ಎಣ್ಣೆ ತೆಗೆಯಲು ಹೋದರೆ ಕೆಂಪು ಬಣ್ಣ ಕರಗಿ ಬೂದು ಉಣ್ಣೆಗೆ ಹತ್ತುತ್ತದೆ. ಬೇರೆ ದ್ರಾವಕ ತಂದು ನೋಡಿದೆ, ಅದೂ ಹಾಗೆಯೇ. ಮೂರನೆಯದಕ್ಕೆ ಬಣ್ಣ ಹೋಗಲಿಲ್ಲ, ಎಣ್ಣೆಯೂ ಹೋಗಲಿಲ್ಲ. ಆ ವಾರ ಮನೆಯಲ್ಲಿ ನನ್ನನ್ನು ಮಾತಾಡಿಸಲು ಗಂಡ ಮಗಳು ಇಬ್ಬರೂ ಹೆದರುತ್ತಿದ್ದರು.

ಉಳಿದದ್ದು ಒಂದೇ ದಾರಿ. ಕಾಲರಿನ ಕೆಳಗೆ ಅಸ್ತರಿನ ಹೊಲಿಗೆ ಬಿಚ್ಚಿ, ಉಣ್ಣೆಗೂ ರೇಷ್ಮೆಗೂ ನಡುವೆ ಕಾಗದ ತೂರಿಸಿ, ಎರಡನ್ನೂ ಬೇರೆಬೇರೆಯಾಗಿ ಸ್ವಚ್ಛ ಮಾಡುವುದು. ಅಕ್ಕನ ಮಗನ ಒಪ್ಪಿಗೆ ಕೇಳಿದೆ.

"ಕಾಲರ್ ಬಿಚ್ಚಿ. ಹೆಗಲಿಗೆ ಹೋಗಬೇಡಿ. ಒಳಗೆ ಹರಿದದ್ದು ಕಂಡರೆ ಅದನ್ನು ತಿಳಿಯುವುದು ನನಗೆ ಬೇಡ."

ಬಿಚ್ಚಿದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಪಾದ್ರಿಗಳ ಪೂಜೆಯ ಉಡುಪಿಗೆ ಜರಿ ಹಾಕುವ ಸಿಸ್ಟರುಗಳ ಪಕ್ಕ ಕೂತು ಸೂಜಿ ಕಲಿತವಳು ನಾನು. ಪವಿತ್ರ ಮಾಡಿದ ಬಟ್ಟೆಯಿಂದ ಉದುರಿದ ನೂಲನ್ನು ಅವರು ಕಸಕ್ಕೆ ಹಾಕುತ್ತಿರಲಿಲ್ಲ. ಬಾಟಲಿಯಲ್ಲಿ ಕೂಡಿಟ್ಟು, ಸುಟ್ಟು, ಬೂದಿಯನ್ನು ಮಣ್ಣಿಗೆ ಸೇರಿಸುತ್ತಿದ್ದರು. ಸುಡುವುದನ್ನು ಬಿಟ್ಟು ಉಳಿದೆಲ್ಲ ಅಭ್ಯಾಸ ನನ್ನಲ್ಲಿ ಹಾಗೆಯೇ ಉಳಿದಿದೆ. ಕಾಲರಿನ ಒಳಗಿಂದ ಚಿಮಟದಲ್ಲಿ ಎತ್ತಿದ ಪ್ರತಿ ಚೂರೂ ಗಾಜಿನ ಕೊಳವೆಗೆ ಹೋಯಿತು. ಎಣ್ಣೆ ನಿಧಾನವಾಗಿ, ಪದರಪದರವಾಗಿ ಒತ್ತುಕಾಗದಕ್ಕೆ ಬಂತು. ಕೊನೆಗೆ ಹೆಗಲಿನ ದಿಕ್ಕಿನಲ್ಲಿ ಅಂಗೈಯಷ್ಟು ಕಲೆ ಉಳಿಯಿತು. ಅಲ್ಲಿಗೆ ತಲುಪಬೇಕಾದರೆ ಹೆಗಲ ಅಸ್ತರೂ ತೆರೆಯಲೇಬೇಕು.

ಕೊಳವೆಯಲ್ಲಿ ಮಿಣುಕಿದ ಒಂದು ಚೂರನ್ನು ನಾನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ರೇಷ್ಮೆ ಎಳೆಯ ಸುತ್ತ ಚಿನ್ನದ ಹೊಳಪಿನ ತಂತಿ ಸುತ್ತಿದ ನೂಲು, ಹೆಗಲಪಟ್ಟಿಯದು. ಒಂದು ತುದಿ ನೇರವಾಗಿ ಕತ್ತರಿಸಿದಂತೆ ಇತ್ತು. ಎಳೆದು ಕಿತ್ತ ಜರಿ ಹಾಗಿರುವುದಿಲ್ಲ. ತಂತಿ ಹಿಗ್ಗಿ, ಸುರುಳಿ ಬಿಚ್ಚಿ, ಒಳಗಿನ ರೇಷ್ಮೆ ಗಡ್ಡದ ಹಾಗೆ ಚದುರಿರುತ್ತದೆ. ಇದನ್ನು ಯಾರೂ ಕಿತ್ತಿರಲಿಕ್ಕಿಲ್ಲ. ಆದರೆ ಒಂದು ಚೂರು ಒಂದು ಚೂರೇ. ಇದರ ಮೇಲೆ ಒಬ್ಬರ ಬದುಕಿನ ಮಾತು ಕಟ್ಟಲಾಗದು.

"ಸುಮ್ನೆ ಬಿಚ್ ನೋಡ್ಬಿಡಿ ಮೇಡಂ," ಅಂದರು ಇಂಜಿನಿಯರ್. "ಎಣ್ಣೆ ತೆಗಿಯೋಕೆ ಬಿಚ್ಚಿದೆ ಅಂದ್ರೆ ಮುಗೀತು."

"ಅದು ಆಗುದಿಲ್ಲ. ಬೇಡ ಅಂತ ಹೇಳಿದ್ದಾರೆ. ಕೇಳದೆ ಬಿಚ್ಚುದಿಲ್ಲ ನಾನು."

"ಮತ್ತೇನ್ ಮಾಡ್ತೀರಾ?"

"ಕೋಟು ಯಾರದ್ದೋ ಅವರನ್ನೇ ಕೇಳುದು."

ಅಕ್ಕನ ಮಗನಿಗೆ ತಿಳಿಸಿಯೇ ಮಹಡಿ ಹತ್ತಿದೆ. ಅವರು ಬೇಡವೆನ್ನಲಿಲ್ಲ, ಜೊತೆಗೂ ಬರಲಿಲ್ಲ. ಆ ಮನೆಯಲ್ಲಿ ನೇರ ವಿಷಯಕ್ಕೆ ಬರುವ ಹಾಗಿಲ್ಲ. ಏಲಕ್ಕಿ ಹಾಕಿದ ಕಹಿ ಕಾಫಿ, ಖರ್ಜೂರ, ನನ್ನ ಮಗಳ ಶಾಲೆ, ನನ್ನ ಗಂಡನ ಸೊಂಟನೋವು, ಎಲ್ಲ ಆಗಬೇಕು. ಖಾಲಾ ಮದುವೆಯಾದ ಹೊಸದರಲ್ಲಿ ಕೆಲಕಾಲ ಮುಂಬಯಿಯಲ್ಲಿ ಇದ್ದವರು, ನನ್ನ ಜೊತೆ ಹಿಂದಿಯಲ್ಲೇ ಆಡುತ್ತಿದ್ದರು, ನಡುನಡುವೆ ಅರಬ್ಬಿ. ನಾನು ಎಣ್ಣೆಯ ಮಾತಿನಿಂದ ಶುರು ಮಾಡಿದೆ. ಯಾಕೆ ಹಚ್ಚಿದಿರಿ ಎಂದು ಕೇಳಿದ ನನ್ನ ದನಿಯಲ್ಲಿ ವಾರಗಳ ಸಿಟ್ಟು ಇದ್ದೇ ಇತ್ತು.

"ಮಗಳೇ, ನನ್ನ ಅಜ್ಜಿ ಗಂಡಸರನ್ನು ಕಾಲರಿಗೆ ಊದ್ ಹಚ್ಚದೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ," ಅಂದರು ಖಾಲಾ. "ಅಜ್ಜ ಎಷ್ಟು ವರ್ಷದಿಂದ ಪೆಟ್ಟಿಗೆಯೊಳಗೆ ಇದ್ದವರು. ಈಗ ನಾಲ್ಕು ಜನರ ಮುಂದೆ ಹೋಗುತ್ತಿದ್ದಾರೆ. ಪೆಟ್ಟಿಗೆಯ ವಾಸನೆ ಹೊತ್ತು ಹೋಗಲಿ ಎನ್ನುತ್ತೀಯಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತೆ. ಆಮೇಲೆ ಹೆಗಲಿನ ಮಾತು ತೆಗೆದೆ.

"ಒಳಗೆ ನೋಡಿದರೆ ಗೊತ್ತಾಗುತ್ತದಾ?"

"ಕಿತ್ತದ್ದೋ ಬಿಚ್ಚಿದ್ದೋ ಅಷ್ಟು ಗೊತ್ತಾಗುತ್ತದೆ, ಖಾಲಾ."

"ಕಿತ್ತದ್ದಾದರೆ?"

"ಕಿತ್ತದ್ದು ಎಂದೇ ಹೇಳುತ್ತೇನೆ. ಸುಳ್ಳು ಹೇಳಲಾರೆ."

"ಆಮೇಲೆ ಹೊಸ ಪಟ್ಟಿ ಹೊಲಿಯುತ್ತೀಯಾ?"

"ನೀವು ಹೊಲಿ ಅಂದರೆ ಹೊಲಿಯುತ್ತೇನೆ."

ಅವರು ಕಿಟಕಿಯ ಕಡೆ ತಿರುಗಿದರು. ಕೆಲಸದ ಹುಡುಗಿ ಕಾಫಿ ಲೋಟಗಳನ್ನು ಎತ್ತಿಕೊಂಡು ಹೋದಳು. ಬೇಡ ಎನ್ನುತ್ತಾರೆ ಎಂದೇ ನಾನು ಅಂದುಕೊಂಡೆ. ಬೇಡ ಎಂದಿದ್ದರೆ ಅವರನ್ನು ದೂರುವ ಮನಸ್ಸು ನನಗಿರಲಿಲ್ಲ. ಅಷ್ಟು ವರ್ಷ ನುಂಗಿಕೊಂಡ ಅವಮಾನ ನಿಜವೇ ಎಂದು ತಿಳಿಯುವುದು ಯಾರಿಗೆ ಬೇಕು?

"ನಾಳೆ ನಾನೇ ಕೆಳಗೆ ಬರುತ್ತೇನೆ," ಅಂದರು. "ನನ್ನ ಮುಂದೆ ಬಿಚ್ಚು."

ಮರುದಿನ ಬೆಳಿಗ್ಗೆ ಅಕ್ಕನ ಮಗ ಖಾಲಾರ ಕೈಹಿಡಿದು ಮೆಟ್ಟಿಲಿಳಿಸಿದರು. ಇಂಜಿನಿಯರ್ ಕುರ್ಚಿ ತಂದಿಟ್ಟರು, ಸೂಕ್ಷ್ಮದರ್ಶಕವನ್ನು ದೊಡ್ಡ ಪರದೆಗೆ ಜೋಡಿಸಿದರು. ನಾನು ಬಲ ಹೆಗಲನ್ನು ಮೆತ್ತನೆಯ ಆಸರೆಯ ಮೇಲೆ ಮೇಲ್ಮುಖವಾಗಿ ಇಟ್ಟೆ.

ಮೊದಲು ಆ ತೂತು. ಒರಟು ರಫೂವನ್ನು ಸೂಜಿಯಿಂದ ಸರಿಸಿ ಅಂಚಿನ ಎಳೆಗಳನ್ನು ನೋಡಿದೆ. ಹರಿದ ಉಣ್ಣೆಯಲ್ಲಿ ಎಳೆಗಳು ಉದ್ದುದ್ದ ಹೊರಚಾಚಿರುತ್ತವೆ. ಇಲ್ಲಿ ಎಲ್ಲ ಗಿಡ್ಡವಾಗಿ, ಕಚ್ಚಿ ತುಂಡರಿಸಿದಂತೆ ಇದ್ದವು. ಸಂದಿಯಲ್ಲಿ ಮರಳಿನ ಕಾಳಿನಂಥ ಹಿಕ್ಕೆಗಳು.

"ಇದು ನುಸಿ ತಿಂದದ್ದು," ಅಂದೆ. "ಯಾವ ಕೈಯೂ ಹರಿದದ್ದಲ್ಲ."

ಅಸ್ತರಿನ ಹೊಲಿಗೆಯನ್ನು ಒಂದೊಂದೇ ಬಿಚ್ಚುತ್ತಾ ತೋಳು ಹೆಗಲಿಗೆ ಸೇರುವ ಜಾಗಕ್ಕೆ ಬಂದೆ. ಹೆಗಲಪಟ್ಟಿಯ ಒಂದು ತುದಿ ಈ ಸೇರುವೆಯೊಳಗೆ ಸಿಕ್ಕಿಕೊಂಡಿರುತ್ತದೆ. ಕೈಯಿಂದ ಎಳೆದು ಕಿತ್ತರೆ ಸೇರುವೆಯೂ ಹರಿದು ಬರುತ್ತದೆ. ಇಲ್ಲಿ ಸೇರುವೆಯ ಉದ್ದಕ್ಕೂ ಸೈನ್ಯದ ದರ್ಜಿಯ ಮೇಣದ ದಪ್ಪ ನೂಲು ನೆಟ್ಟಗೆ ಓಡಿತ್ತು. ಹೆಗಲಿನ ನಡುವಿಗೆ ಬಂದಾಗ ಅದು ನಿಂತು, ಒಂದು ಗೇಣು ಉದ್ದ ಬೇರೆ ನೂಲು ಶುರುವಾಗಿತ್ತು: ತೆಳ್ಳನೆಯ ಕಪ್ಪು ರೇಷ್ಮೆ, ಪುಟ್ಟಪುಟ್ಟ ಹೊಲಿಗೆ. ಪಕ್ಕದಲ್ಲಿ ಹಳೆಯ ನೂಲಿನ ಖಾಲಿ ರಂಧ್ರಗಳು ದುಂಡಗೆ, ಒಂದೂ ಸೀಳದೆ ಉಳಿದಿದ್ದವು. ಒಳಗೆ ಮತ್ತಷ್ಟು ಚಿನ್ನದ ನೂಲಿನ ಚೂರುಗಳಿದ್ದವು. ಎಲ್ಲದರ ತುದಿಯೂ ಕತ್ತರಿಯದು.

ಅಕ್ಕನ ಮಗ ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದರು. ನಾನು ಇಷ್ಟೇ ಹೇಳಿದೆ: ಯಾರೋ ಕೂತು, ಅಸ್ತರು ಬಿಚ್ಚಿ, ಸೇರುವೆ ತೆರೆದು, ಪಟ್ಟಿಯನ್ನು ಕತ್ತರಿಯಿಂದ ಬಿಡಿಸಿ, ಮತ್ತೆ ಎಲ್ಲವನ್ನೂ ಹೊಲಿದಿದ್ದಾರೆ. ನಿಧಾನವಾಗಿ, ಬಟ್ಟೆಗೆ ನೋವಾಗದ ಹಾಗೆ. ಯಾರು, ಯಾಕೆ ಎಂದು ಕೋಟು ಹೇಳುವುದಿಲ್ಲ.

"ಆ ಹೊಲಿಗೆ ನನಗೆ ತೋರಿಸು," ಅಂದರು ಖಾಲಾ.

ಪರದೆಯಲ್ಲಿ ಅವರಿಗೆ ಕಾಣಲಿಲ್ಲ. ಮಂಜುಕಣ್ಣಿಗೆ ಅದು ಬರೀ ಬೆಳಕು. ಮುಟ್ಟಲೇ ಎಂದು ಕೇಳಿದರು. ಬರಿಗೈಯಲ್ಲಿ ಮುಟ್ಟಬಾರದು ಎಂಬ ನಿಯಮವನ್ನು ಆ ಕೋಣೆಯ ಬಾಗಿಲಿಗೆ ಅಂಟಿಸಿದವಳೇ ನಾನು. ಅವರ ಕೈ ಒರೆಸಿ, ಹೆಬ್ಬೆರಳನ್ನು ಹಿಡಿದು ಸೇರುವೆಯ ಮೇಲೆ ಇಟ್ಟೆ.

ಅವರು ಹೆಬ್ಬೆರಳನ್ನು ಮೆಲ್ಲಗೆ ಸರಿಸಿದರು. ಒಂದು ಕಡೆ ನಿಲ್ಲಿಸಿದರು. ಮತ್ತೆ ಸರಿಸಿ ಮತ್ತೆ ನಿಲ್ಲಿಸಿದರು. ನಾನೂ ಬಗ್ಗಿ ನೋಡಿದೆ. ಅವರು ನಿಲ್ಲಿಸಿದಲ್ಲೆಲ್ಲ ಹೊಲಿಗೆ ಹಿಂದಕ್ಕೆ ಹೋಗಿ ಎರಡು ಬಾರಿ ಸುತ್ತಿ ಮುಂದುವರಿದಿತ್ತು.

"ನನ್ನ ಲಂಗದ ಅಂಚು ಹೀಗೇ ಇರುತ್ತಿತ್ತು," ಅಂದರು. "ಒಂದು ಕಡೆ ನೂಲು ಹೋದರೂ ಇಡೀ ಅಂಚು ಬೀಳಬಾರದು ಎಂದು ಅಜ್ಜಿ ಹೀಗೆ ಗಂಟು ಹಾಕುತ್ತಿದ್ದಳು. ಬೆರಳಿಗೆ ಸಿಗುತ್ತಿತ್ತು. ಶಾಲೆಯಲ್ಲಿ ಕೂತು ಅದನ್ನೇ ಎಣಿಸುತ್ತಿದ್ದೆ ನಾನು."

ಆಮೇಲೆ ಅವರು ಅತ್ತರು. ಅಕ್ಕನ ಮಗ ಪಕ್ಕದಲ್ಲಿ ಮಂಡಿಯೂರಿ ಕೂತು ಅವರ ಮೊಣಕಾಲ ಮೇಲೆ ಕೈಯಿಟ್ಟರು. ನನ್ನ ಕಣ್ಣೂ ತುಂಬಿತ್ತು, ಕಣ್ಣೀರು ಕೋಟಿನ ಮೇಲೆ ಬೀಳದಿರಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಮನೆಯಲ್ಲೇ ಬಿಚ್ಚಿದ್ದು," ಅಂದರು ಖಾಲಾ. "ಅವಳ ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದ್ದು. ಅಷ್ಟು ವರ್ಷ ನನ್ನ ತಲೆ ಬಾಚಿದಳು, ಒಂದು ಮಾತು ಹೇಳಲಿಲ್ಲ."

ಹೇಳುವುದು ನನ್ನ ಕರ್ತವ್ಯವೆಂದು ಬಾಯಿಬಿಟ್ಟೆ. ದಂಡಿನಿಂದ ತೆಗೆದದ್ದು ಸುಳ್ಳೆಂದು ಇದರಿಂದ ಆಗುವುದಿಲ್ಲ, ಖಾಲಾ, ಎಂದೆ.

"ತೆಗೆದರು, ನನಗೆ ಗೊತ್ತು. ತನ್ನವರನ್ನು ಸಾಯಲು ಬಿಡದೆ ಕರೆದುಕೊಂಡು ಬಂದ, ಅದೂ ಗೊತ್ತು. ಅವನ ಮೈಮೇಲೆ ಯಾರೂ ಕೈ ಹಾಕಲಿಲ್ಲ. ಖಲಾಸ್."

ಎಡ ಹೆಗಲನ್ನೂ ತೆರೆದು ನೋಡಬೇಕೆಂದು ನನ್ನ ಬೆರಳುಗಳು ತವಕಿಸುತ್ತಿದ್ದವು. ಕೆಲಸದ ದೃಷ್ಟಿಯಿಂದ ಅದು ಸರಿಯೂ ಆಗಿತ್ತು. ಖಾಲಾ ಬೇಡವೆಂದು ತಲೆಯಾಡಿಸಿದರು. "ಅದು ಅವಳ ಹೊಲಿಗೆ. ಇರಲಿ ಬಿಡು." ಬಿಟ್ಟೆ. ಇಂದಿಗೂ ಅದು ತೆರೆದಿಲ್ಲ.

ಇಸ್ತಾಂಬುಲ್‌ನಿಂದ ಬಂದ ಹೊಸ ಹೆಗಲಪಟ್ಟಿಗಳು ಡಬ್ಬಿಯಲ್ಲೇ ಉಳಿದವು. "ಬಂದವರು ಪಟ್ಟಿ ಎಲ್ಲಿ ಎಂದು ಕೇಳುತ್ತಾರೆ," ಅಂದರು ಅಕ್ಕನ ಮಗ, ಕೊನೆಯ ಪ್ರಯತ್ನವೆಂಬಂತೆ. "ಕೇಳಲಿ," ಅಂದರು ಖಾಲಾ, "ಹೆಂಡತಿ ಬಿಚ್ಚಿಟ್ಟಳು ಎನ್ನು." ಗೋಡೆಯ ಮೇಲಿನ ಬರಹ ಬದಲಾಯಿತು. ಬಾಲ್ಕನ್, ಟೈಗ್ರಿಸ್, ಆಜ್ಞೆಯಿಲ್ಲದೆ ಹಿಂದೆ ಸರಿದದ್ದು, ಹುದ್ದೆ ಹೋದದ್ದು, ಎಲ್ಲ ಇದ್ದ ಹಾಗೆ ಬರೆದರು. ಕೊಳವೆಯಲ್ಲಿದ್ದ ಚಿನ್ನದ ಚೂರುಗಳನ್ನು ನಾನು ತೆಳು ಬಲೆಯ ಚೀಲದಲ್ಲಿ ಕಟ್ಟಿ ಕೋಟಿನ ಒಳಜೇಬಿನಲ್ಲಿ ಇಟ್ಟೆ. ಹೆಗಲಿಗೆ ಇಳಿದಿದ್ದ ಎಣ್ಣೆಯನ್ನೂ ತೆಗೆದೆ. ಅಸ್ತರನ್ನು ಮತ್ತೆ ಹೊಲಿಯುವಾಗ ಆ ಅಜ್ಜಿಯ ಗಂಟುಗಳನ್ನು ಅನುಕರಿಸಲಿಲ್ಲ. ಬೇರೆ ಬಣ್ಣದ ನೂಲಿನಲ್ಲಿ, ಇದು ಈ ಕಾಲದ ಕೈ ಎಂದು ತಿಳಿಯುವ ಹಾಗೆ ಹೊಲಿದೆ.

ಶುಐಬಾದಿಂದ ಬೊಂಬೆ ತಿರುಗಿ ಬಂತು, ಬೆನ್ನು ತುಸು ಬಾಗಿ, ಬಲ ಹೆಗಲು ಇಳಿದು. ಕೋಟು ಒಂದೂ ಸುಕ್ಕಿಲ್ಲದೆ ಕೂತಿತು.

"ಈಗ ನೋಡಿ ಮೇಡಂ, ಮನೆ ಯಜಮಾನ್ರ ಥರ ನಿಂತವ್ರೆ," ಅಂದರು ಇಂಜಿನಿಯರ್. ಅವರ ದನಿಯೂ ಮೆತ್ತಗಾಗಿತ್ತು.

ಗಾಜು ಮುಚ್ಚುವ ದಿನ ಖಾಲಾ ಬಂದರು. ಹಿಂದೆ ಕೆಲಸದ ಹುಡುಗಿ, ಅವಳ ಕೈಯಲ್ಲಿ ಹೊಗೆಯಾಡುವ ಧೂಪದ ಪಾತ್ರೆ. ಇಲ್ಲಿನ ಮನೆಗಳಲ್ಲಿ ಅತಿಥಿ ಹೊರಡಲು ಏಳುವ ಹೊತ್ತಿಗೆ ಧೂಪ ತರುತ್ತಾರೆ, ಬಟ್ಟೆಗೆ ಹೊಗೆ ಕೊಟ್ಟು ಕಳಿಸುತ್ತಾರೆ. ಇಂಜಿನಿಯರ್ ಚಾವಣಿಯ ಅಲಾರಮ್ಮಿನ ಕಡೆ ಕಣ್ಣು ಹಾಯಿಸಿ, ಆ ಹುಡುಗಿಯನ್ನು ಮೆಲ್ಲಗೆ ಅಂಗಳಕ್ಕೆ ಕರೆದೊಯ್ದರು. ಖಾಲಾ ಮಾತ್ರ ಒಳಗೇ ನಿಂತರು. ಅವರ ಮುಷ್ಟಿಯಲ್ಲಿ ಊದ್ ಎಣ್ಣೆಯ ಪುಟ್ಟ ಬಾಟಲಿ ಇತ್ತು.

"ಖಾಲಾ, ಬೇಡ," ಅಂದೆ. "ಕೋಟಿಗೆ ಬೇಡ."

ಅವರು ಬಾಟಲಿಯನ್ನೂ ಕೋಟನ್ನೂ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಬಾಟಲಿಯ ಮುಚ್ಚಳಕ್ಕಿದ್ದ ಗಾಜಿನ ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ, ನನ್ನ ಕುರ್ತಾದ ಬಲ ಹೆಗಲಿಗೆ ಒಮ್ಮೆ, ಎಡ ಹೆಗಲಿಗೆ ಒಮ್ಮೆ ಒತ್ತಿದರು. ಹಾಗೆ ಒತ್ತುವಾಗ ಅವರ ಕಣ್ಣು ನನ್ನನ್ನು ದಾಟಿ ಹಿಂದೆ ನಿಂತಿದ್ದ ಪಾಶಾರ ಮೇಲಿತ್ತು.

"ಯಲ್ಲಾ," ಅಂದರು ಮೆಲ್ಲಗೆ. "ಹೋಗಿ ಬಾ."

ಇಂಜಿನಿಯರ್ ಒಳಗೆ ಬಂದು ಗಾಜನ್ನು ಇಳಿಸಿದರು.

ಸಂಜೆ ಮನೆಗೆ ಹೋದಾಗ ಮಗಳು ಮೂಗರಳಿಸಿ, "ಮಮ್ಮಾ, ಯೂ ಸ್ಮೆಲ್ ಲೈಕ್ ಸಮ್‌ಬಡೀಸ್ ಗ್ರ್ಯಾಂಡ್‌ಮಾ," ಅಂದಳು. ಆ ಕುರ್ತಾ ಈಗಲೂ ನನ್ನ ಕಪಾಟಿನಲ್ಲಿದೆ, ಎರಡೂ ಹೆಗಲ ಮೇಲೆ ಕಂದು ಕಲೆ. ಅಂಥ ಕಲೆಯನ್ನು ತೆಗೆಯುವುದು ಹೇಗೆಂದು ಈ ಊರಲ್ಲಿ ನನಗಿಂತ ಚೆನ್ನಾಗಿ ಗೊತ್ತಿರುವವರು ಇರಲಿಕ್ಕಿಲ್ಲ. ನಾನು ತೆಗೆದಿಲ್ಲ.